ಬಾಟಲಿ ಮೇಲೆ ತೆಂಗಿನ ಮರ, ಫ್ರಿಜ್ಜಿನಲ್ಲಿಟ್ಟರೂ ಗಟ್ಟಿಯಾಗದ ಎಣ್ಣೆ: ದೂರು ಕೊಟ್ಟರೆ ಏನಾಗುತ್ತದೆ?

ಪ್ರಶ್ನೆ: ಸರ್, ನಮ್ಮದು ಕಾಪು ಹತ್ತಿರ. ಅಡುಗೆಗೆ ಮೊದಲಿಂದಲೂ ತೆಂಗಿನೆಣ್ಣೆಯೇ. ಹೆದ್ದಾರಿ ಅಗಲ ಮಾಡುವಾಗ ಮನೆಯ ಮರಗಳು ಹೋದವು, ಈಗ ಅಂಗಡಿಯ ಎಣ್ಣೆ ತರುತ್ತೇವೆ. ಡಿಸೆಂಬರಿನಲ್ಲಿ ಇಪ್ಪತ್ತು ವರ್ಷದಿಂದ ಹೋಗುವ ಅಂಗಡಿಯಲ್ಲೇ ಒಂದು ಲೀಟರಿನ ಹೊಸ ಬ್ರಾಂಡ್ ತಂದೆ. ಬೇರೆಯದಕ್ಕಿಂತ ನೂರಿಪ್ಪತ್ತು ರೂಪಾಯಿ ಕಡಿಮೆ. ಬಾಟಲಿ ಮೇಲೆ ತೆಂಗಿನ ಮರ, ಒಡೆದ ಕಾಯಿಯ ಚಿತ್ರ. ಬೆಳಗಿನ ಚಳಿಗೆ ಹಳೆಯ ಬಾಟಲಿಯ ತಳದಲ್ಲಿದ್ದ ಎಣ್ಣೆ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿತ್ತು. ಇದು ನೀರಿನ ಹಾಗೆಯೇ ಇತ್ತು. ಫ್ರಿಜ್ಜಿನಲ್ಲಿಟ್ಟೆ, ಅಡಿಯಲ್ಲಿ ಸ್ವಲ್ಪ ಮೋಡ ಕಟ್ಟಿತು, ಅಷ್ಟೇ. ತಿಂದ ಮೇಲೆ ಅತ್ತೆಗೆ ಗಂಟಲು ಕೆರೆತ. ಅಂಗಡಿಯವರಿಗೆ ಹೇಳಿದರೆ "ಈಗ ಎಲ್ಲ ಹೀಗೆಯೇ ಮಾರಾಯ್ರೆ" ಅಂದರು. ಬಿಲ್ ಕೊಟ್ಟಿರಲಿಲ್ಲ. ವಾಟ್ಸಾಪಿನಲ್ಲಿ ಬಂದ ಹಾಗೆ ಬೆಣ್ಣೆ ಹಾಕಿ ನೋಡಿದೆ, ಬಣ್ಣ ಕೆಂಪಾಗಲಿಲ್ಲ. ಹಾಗಾದರೆ ಎಣ್ಣೆ ಶುದ್ಧ ಅಂತಲಾ? ದೂರು ಕೊಡೋಣ ಅಂದರೆ ಮಗ ಬೇಡ ಅನ್ನುತ್ತಾನೆ. ಒಂದೋ ಅಂಗಡಿಯವರು ಜೈಲಿಗೆ ಹೋಗುತ್ತಾರೆ, ಇಲ್ಲ ಏನೂ ಆಗುವುದಿಲ್ಲ ಅಂತ ಅವನ ವಾದ. ಮಂಗಳೂರಿನಲ್ಲಿರುವ ನನ್ನ ತಮ್ಮ ಒಮ್ಮೆ ಮೆಣಸಿನ ಹುಡಿ ಬಗ್ಗೆ ದೂರು ಕೊಟ್ಟು ಒಂದು ವರ್ಷ ಕಾದ. ಕೊನೆಗೆ ಹತ್ತು ಸಾವಿರ ದಂಡ ಅಂತ ಗೊತ್ತಾಯಿತು. ಅಷ್ಟಕ್ಕೆ ಯಾಕೆ ದೂರು? ಉಳಿದ ಎಣ್ಣೆಯನ್ನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎಣ್ಣೆಯ ಚಿಂತೆಗಿಂತ ಅಂಗಡಿಯವರ ಚಿಂತೆಯೇ ಜಾಸ್ತಿ ಕಂಡಿತು. ಇಪ್ಪತ್ತು ವರ್ಷದ ಪರಿಚಯ ಅಂದರೆ ಸುಮ್ನೆ ಅಲ್ಲ. ದೂರು ಕೊಡಲು ಮನಸ್ಸು ಬರುವುದಿಲ್ಲ, ಕೊಡದೆ ಇರಲೂ ಆಗುವುದಿಲ್ಲ. ಎಣ್ಣೆಯ ವಿಷಯ ಮುಗಿಸಿ ಅವರ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು, ಆಹಾರ ಇಲಾಖೆಯಲ್ಲಿದ್ದು ಮಾದರಿ ತೆಗೆಯುತ್ತಿದ್ದವನಾಗಿ ಒಂದು ಮಾತು. ನಿಮ್ಮ ಮನೆಯಲ್ಲಿರುವ ತೆರೆದ ಬಾಟಲಿ ಕಾನೂನಿನ ಲೆಕ್ಕದಲ್ಲಿ ಸಾಕ್ಷಿ ಅಲ್ಲ, ಸುಳಿವು ಮಾತ್ರ. ಸಾಕ್ಷಿ ಇರುವುದು ಅಂಗಡಿಯ ಕಪಾಟಿನಲ್ಲಿ, ಅದೇ ಬ್ಯಾಚಿನ ಸೀಲ್ ಒಡೆಯದ ಬಾಟಲಿಗಳಲ್ಲಿ. ಅವು ಇನ್ನೂ ಅಲ್ಲಿವೆಯಾ? ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಈಗ ಎಣ್ಣೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷದ ಬಹುಪಾಲು ಅದು ನೀರಾಗಿಯೇ ಇರುತ್ತದೆ, ಡಿಸೆಂಬರ್, ಜನವರಿಯ ಬೆಳಿಗ್ಗೆ ಮಾತ್ರ ಗಟ್ಟಿ. ಹಳೆಯ ಬಾಟಲಿ ಮತ್ತು ಹೊಸ ಬಾಟಲಿಯನ್ನು ಒಂದೇ ಅಡುಗೆಮನೆಯಲ್ಲಿ, ಒಂದೇ ಚಳಿಯಲ್ಲಿ ನೀವು ಹೋಲಿಸಿ ನೋಡಿದ್ದೀರಿ. ಪ್ರಯೋಗಾಲಯದವರೂ ಮೆಚ್ಚುವ ಕೆಲಸ ಅದು. ಫ್ರಿಜ್ಜಿನ ನಾಲ್ಕೈದು ಡಿಗ್ರಿಯಲ್ಲಿ ಶುದ್ಧ ತೆಂಗಿನೆಣ್ಣೆ ಕೆಲವು ಗಂಟೆಯಲ್ಲಿ ಮೇಣದ ಹಾಗೆ ಬೆಳ್ಳಗೆ ಗಟ್ಟಿಯಾಗಲೇಬೇಕು. ಬರೀ ಮೋಡ ಕಟ್ಟಿ ನಿಂತಿತು ಅಂದರೆ ಅದರಲ್ಲಿ ಬೇರೆ ಎಣ್ಣೆ ಇದೆ ಅಂತ ನನ್ನ ಅಂದಾಜು. ಬೆಲೆ, ಮೋಡ ಎರಡನ್ನೂ ಸೇರಿಸಿ ನೋಡಿದರೆ ತಾಳೆ ಎಣ್ಣೆಯಿಂದ ಬರುವ ಪಾಮೊಲಿನ್ ಇರಬಹುದು.

ಆದರೆ ಈ ಫ್ರಿಜ್ ಪರೀಕ್ಷೆ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಫೇಲಾದರೆ ನಂಬಿ, ಪಾಸಾದರೆ ನಂಬಬೇಡಿ. ಯಾಕೆ ಅಂದರೆ ತಾಳೆಯ ಬೀಜದಿಂದ ತೆಗೆಯುವ ಇನ್ನೊಂದು ಎಣ್ಣೆ ಇದೆ, ಪಾಮ್ ಕರ್ನಲ್ ಎಣ್ಣೆ. ಅದರ ಗುಣ ತೆಂಗಿನೆಣ್ಣೆಯ ತಂಗಿಯ ಹಾಗೆ. ಫ್ರಿಜ್ಜಿನಲ್ಲಿಟ್ಟರೆ ಅದೂ ಗಟ್ಟಿಯಾಗುತ್ತದೆ. ಬುದ್ಧಿವಂತ ಮೋಸಗಾರ ಅದನ್ನೇ ಬೆರೆಸುತ್ತಾನೆ. ನಿಮ್ಮ ಬಾಟಲಿ ತುಂಬಿಸಿದವನು ಅಷ್ಟು ಬುದ್ಧಿವಂತನಲ್ಲ, ಅಥವಾ ಅವನಿಗೆ ಮುಚ್ಚಿಡುವ ಉದ್ದೇಶವೇ ಇರಲಿಲ್ಲ. ಈ ಎರಡನೆಯ ಸಾಧ್ಯತೆಯನ್ನು ಮರೆಯಬೇಡಿ, ಆಮೇಲೆ ಬೇಕಾಗುತ್ತದೆ.

ಬೆಣ್ಣೆಯ ಪರೀಕ್ಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದನ್ನು ಹೇಳುವುದು ಟಿಒಸಿಪಿ ಎಂಬ ಒಂದು ವಿಷವಸ್ತುವಿಗೆ. ತಾಳೆ ಎಣ್ಣೆಗೂ ಅದಕ್ಕೂ ಸಂಬಂಧವೇ ಇಲ್ಲ. ಬಣ್ಣ ಕೆಂಪಾಗಲಿಲ್ಲ ಅಂತ ಎಣ್ಣೆ ಶುದ್ಧ ಅನ್ನುವುದು, ಜ್ವರ ಇಲ್ಲ ಅಂತ ಹಲ್ಲುನೋವು ಇಲ್ಲ ಅಂದ ಹಾಗೆ. ವಾಸನೆಯನ್ನೂ ನೆಚ್ಚಿಕೊಳ್ಳಬೇಡಿ. ಮಿಲ್ಲಿನಲ್ಲಿ ಬಿಸಿ ಕೊಬ್ಬರಿ ಅರೆದು ಬಂದ ಎಣ್ಣೆಗೆ ಘಮ ಇರುತ್ತದೆ. ರಿಫೈನ್ ಮಾಡಿದ ತೆಂಗಿನೆಣ್ಣೆಗೆ ಏನೂ ಇರುವುದಿಲ್ಲ, ಆದರೂ ಅದು ತೆಂಗಿನೆಣ್ಣೆಯೇ. ಘಮ ಬರಿಸಲು ಎಸೆನ್ಸ್ ಸಿಗುತ್ತದೆ.

ಹಾಗಾದರೆ ಪ್ರಯೋಗಾಲಯದಲ್ಲಿ ಹೇಗೆ ಹಿಡಿಯುತ್ತಾರೆ? ಹಳೆಯ ನಂಬಿಕಸ್ಥ ದಾರಿ ಅಯೋಡಿನ್ ಮೌಲ್ಯ. ಎಣ್ಣೆ ಎಷ್ಟು ಅಯೋಡಿನ್ ಹೀರುತ್ತದೆ ಎಂದು ಅಳೆಯುವುದು. ತೆಂಗಿನೆಣ್ಣೆ ತೀರಾ ಕಡಿಮೆ ಹೀರುತ್ತದೆ, ನಮ್ಮ ಮಾನದಂಡದಲ್ಲಿ 7.5ರಿಂದ 10ರ ಒಳಗೆ ಇರಬೇಕು. ಪಾಮೊಲಿನ್ನದು 56ರ ಆಸುಪಾಸು. ಲೆಕ್ಕ ಹಾಕಿ ನೋಡಿ. 9 ಇರುವ ತೆಂಗಿನೆಣ್ಣೆ 80 ಪಾಲು, 56ರ ಪಾಮೊಲಿನ್ 20 ಪಾಲು ಬೆರೆಸಿದರೆ ಮೌಲ್ಯ 18 ದಾಟುತ್ತದೆ. ಕೂಡಲೇ ಸಿಕ್ಕಿಬೀಳುತ್ತದೆ. ಅದೇ 18ರ ಪಾಮ್ ಕರ್ನಲ್ 20 ಪಾಲು, 8ರ ತೆಂಗಿನೆಣ್ಣೆ 80 ಪಾಲು ಬೆರೆಸಿದರೆ ಸರಿಯಾಗಿ 10ಕ್ಕೆ ಬಂದು ನಿಲ್ಲುತ್ತದೆ. ಪಾಸು! ಅದಕ್ಕೇ ಈ ಒಂದು ಅಂಕೆಯನ್ನು ನಂಬಿ ಕೂರುವುದಿಲ್ಲ. ಪೋಲೆನ್ಸ್ಕಿ ಮೌಲ್ಯ ಅಂತ ಇನ್ನೊಂದಿದೆ, ಆವಿಯಾಗಿ ಬರುವ ಕೊಬ್ಬಿನಾಮ್ಲಗಳ ಅಳತೆ, ಅದು 13ಕ್ಕಿಂತ ಕಡಿಮೆ ಇರಬಾರದು. ಅನುಮಾನ ಉಳಿದರೆ ಯಂತ್ರದಲ್ಲಿ ಕೊಬ್ಬಿನಾಮ್ಲಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾರೆ. ಇವುಗಳಲ್ಲಿ ಯಾವುದೂ ಅಡುಗೆಮನೆಯಲ್ಲಿ ಆಗುವ ಕೆಲಸವಲ್ಲ.

ಅತ್ತೆಯ ಗಂಟಲು ಕೆರೆತ ಬೇರೆಯೇ ಕಥೆ ಇರಬಹುದು. ತಾಳೆ ಎಣ್ಣೆ ಗಂಟಲು ಕೆರೆಯುವುದಿಲ್ಲ. ಕೆರೆಯುವುದು ಸಾಮಾನ್ಯವಾಗಿ ಕನೆದ ಎಣ್ಣೆ. ಮಳೆಗಾಲದಲ್ಲಿ ಸರಿಯಾಗಿ ಒಣಗದೆ ಬೂಸ್ಟು ಹಿಡಿದ ಕೊಬ್ಬರಿಯನ್ನು ಅರೆದರೆ ಎಣ್ಣೆಯಲ್ಲಿ ಆಮ್ಲದ ಅಂಶ ಏರುತ್ತದೆ. ಅದನ್ನು ಅಳೆಯುವ ಆಮ್ಲ ಮೌಲ್ಯ 6ಕ್ಕಿಂತ ಜಾಸ್ತಿ ಇದ್ದರೆ ಅದು ಕಳಪೆ ಎಣ್ಣೆ. ನೂರಕ್ಕೆ ನೂರು ತೆಂಗಿನದ್ದೇ ಇರಬಹುದು, ಆದರೂ ಕಳಪೆ. ಗಾಣದ ಎಣ್ಣೆ ಅಂತ ಹೇಳಿ ಮಾರುವುದರಲ್ಲೂ ಇದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಗಾಣ ಅಂದ ಕೂಡಲೇ ಕಣ್ಣು ಮುಚ್ಚಿ ಕೊಳ್ಳುವವರು ಇದನ್ನು ನೆನಪಿಡಬೇಕು. ಅತ್ತೆಯ ಕೆರೆತ ಎಣ್ಣೆ ಬದಲಾಯಿಸಿದ ಮೇಲೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ, ಎಣ್ಣೆಯ ತಲೆಗೇ ಎಲ್ಲ ಕಟ್ಟಬೇಡಿ.

ಇನ್ನು ಬಾಟಲಿಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿ, ಹಿಂಬದಿ ಓದಿ. ಮುಂಬದಿ ಬೇಡ, ಅಲ್ಲಿ ಬರೀ ತೆಂಗಿನ ಮರ. ಎರಡು ಎಣ್ಣೆ ಬೆರೆಸಿ ಮಾರುವುದೇ ಅಪರಾಧ ಅಂತ ಜನ ತಿಳಿದಿದ್ದಾರೆ. ಅಲ್ಲ. ಮಿಶ್ರ ಖಾದ್ಯ ತೈಲ ಅಂತ ಒಂದು ವರ್ಗವೇ ಇದೆ. ಬೆರೆಸಿದ ಎರಡು ಎಣ್ಣೆಯಲ್ಲಿ ಪ್ರತಿಯೊಂದೂ ಕನಿಷ್ಠ 20 ಶೇಕಡಾ ಇರಬೇಕು, ಯಾವ ಎಣ್ಣೆ ಎಷ್ಟು ಅಂತ ಲೇಬಲಿನಲ್ಲಿ ಹೇಳಬೇಕು, ಬಿಡಿಯಾಗಿ ಮಾರುವಂತಿಲ್ಲ. ಇಷ್ಟು ಮಾಡಿದರೆ ಅದು ನ್ಯಾಯವಾದ ವ್ಯಾಪಾರ. ಮೋಸ ಶುರುವಾಗುವುದು ಇದನ್ನು ಅಕ್ಕಿಕಾಳಿನಷ್ಟು ಅಕ್ಷರದಲ್ಲಿ ಹಿಂದೆ ಬರೆದು, ಮುಂದೆ ತೆಂಗಿನ ತೋಟವನ್ನೇ ನಿಲ್ಲಿಸಿದಾಗ. ಮುಚ್ಚಿಡುವ ಉದ್ದೇಶ ಇರಲಿಲ್ಲವೇನೋ ಅಂದೆನಲ್ಲ, ಅದು ಇದಕ್ಕೇ. ನಿಮ್ಮ ಬಾಟಲಿಯ ಹಿಂದೆ "ಪಾಮೊಲಿನ್" ಅಂತ ಇದ್ದರೂ ಇರಬಹುದು. ಇದ್ದರೆ ನಿಮಗಾದದ್ದು ಎಣ್ಣೆಯ ಮೋಸ ಅಲ್ಲ, ಚಿತ್ರದ ಮೋಸ. ಕಾನೂನಿನಲ್ಲಿ ಅದಕ್ಕೂ ಹೆಸರಿದೆ: ಮಿಸ್‌ಬ್ರಾಂಡಿಂಗ್.

ಒಂದು ಪುಟ್ಟ ಚೌಕದೊಳಗೆ ಕಪ್ಪು ಗುಣಾಕಾರ ಚಿಹ್ನೆ ಇದೆಯಾ ಅಂತಲೂ ನೋಡಿ. ಹಸಿರು ಚುಕ್ಕೆ ಎಲ್ಲರಿಗೂ ಗೊತ್ತು, ಈ ಕಪ್ಪು ಗುರುತು ಗೊತ್ತಿಲ್ಲ. ಅದು ಇದ್ದರೆ ತಿನ್ನುವ ಎಣ್ಣೆಯೇ ಅಲ್ಲ, ದೇವರ ದೀಪದ ಎಣ್ಣೆ. ಉಡುಪಿಯಂಥ ಊರಿನಲ್ಲಿ ದೀಪದೆಣ್ಣೆಗೆ ದೊಡ್ಡ ವ್ಯಾಪಾರ. ಅಂಗಡಿಯಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಇಡುತ್ತಾರೆ. ಅವಸರದಲ್ಲಿ ಕೈ ತಪ್ಪುತ್ತದೆ. ದೀಪದೆಣ್ಣೆ ತಂದು ದೋಸೆ ಹುಯ್ದ ಮನೆಯವರು ನನ್ನ ಹತ್ತಿರ ದೂರು ಹಿಡಿದು ಬಂದದ್ದಿದೆ. ಗುರುತು ತೋರಿಸಿದ ಮೇಲೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು, ದೂರು ಅಲ್ಲಿಗೇ ಮುಗಿಯಿತು.

ಮೂರನೆಯದು 14 ಅಂಕೆಯ ಎಫ್ಎಸ್ಎಸ್ಎಐ ಸಂಖ್ಯೆ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ್ದು. ಮೊದಲ ಅಂಕೆ 1 ಇದ್ದರೆ ಲೈಸೆನ್ಸ್, 2 ಇದ್ದರೆ ಸಣ್ಣವರ ನೋಂದಣಿ. ಆಮೇಲಿನ ಎರಡು ಅಂಕೆ ರಾಜ್ಯದ್ದು, ಕರ್ನಾಟಕಕ್ಕೆ 12, ಕೇರಳಕ್ಕೆ 13. ಕೇಂದ್ರದ ಲೈಸೆನ್ಸ್ ಆದರೆ 100ರಿಂದ ಶುರು. ಇದನ್ನು ಅದೇ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಹಾಕಿದರೆ ಯಾರದು ಅಂತ ಬರುತ್ತದೆ. ಸಂಖ್ಯೆ ನಿಜ ಇದ್ದರೆ ಸಾಲದು, ಅದು ಯಾವ ಪದಾರ್ಥಕ್ಕೆ ಕೊಟ್ಟದ್ದು ಅಂತ ನೋಡಿ. ಒಮ್ಮೆ ಎಣ್ಣೆ ಡಬ್ಬಿಯ ಮೇಲಿದ್ದ ಸಂಖ್ಯೆ ಹುಡುಕಿದರೆ ಬೇಕರಿಯೊಂದರ ಹೆಸರು ಬಂತು. ಬೇಕರಿಯವರಿಗೆ ಗೊತ್ತೇ ಇರಲಿಲ್ಲ.

ಈಗ ನಿಮ್ಮ ಮಗನ ಮಾತು: ಜೈಲು, ಇಲ್ಲವೇ ಏನೂ ಇಲ್ಲ. ಈ ನಂಬಿಕೆಗೆ ಹಳೆಯ ಕಾರಣ ಇದೆ. ನಾನು ಕೆಲಸಕ್ಕೆ ಸೇರಿದಾಗ ಇದ್ದದ್ದು 1954ರ ಕಲಬೆರಕೆ ತಡೆ ಕಾಯ್ದೆ. ನಮಗೆ ಆಗ ಆಹಾರ ನಿರೀಕ್ಷಕ ಅಂತ ಹೆಸರು. ಲೇಬಲ್ ತಪ್ಪಿದರೂ ಕೋರ್ಟು, ವಿಷ ಬೆರೆಸಿದರೂ ಅದೇ ಕೋರ್ಟು. ಹೆಸರಿಗೆ ಜೈಲು ದೊಡ್ಡದಾಗಿ ಕಾಣುತ್ತಿತ್ತು, ಕೇಸು ವರ್ಷಗಟ್ಟಲೆ ಎಳೆಯುತ್ತಿತ್ತು, ಕೊನೆಗೆ ಮಾದರಿ ತೆಗೆದ ವಿಧಾನದಲ್ಲಿ ಒಂದು ಸಣ್ಣ ಲೋಪ ಸಿಕ್ಕಿ ಬಿದ್ದುಹೋಗುತ್ತಿತ್ತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2011ರ ಆಗಸ್ಟ್ 5ರಿಂದ ಪೂರ್ತಿಯಾಗಿ ಜಾರಿಗೆ ಬಂತು. ಅದು ಎಲ್ಲವನ್ನೂ "ಕಲಬೆರಕೆ" ಎಂಬ ಒಂದೇ ಚೀಲಕ್ಕೆ ತುಂಬುವುದಿಲ್ಲ. ತಿಂದರೆ ಅಪಾಯ ಇರುವುದು "ಅಸುರಕ್ಷಿತ". ಅಪಾಯ ಇಲ್ಲ, ಆದರೆ ಹೇಳಿದ ಗುಣ ಇಲ್ಲ ಅಂದರೆ "ಕಳಪೆ". ಲೇಬಲ್ ಸುಳ್ಳು ಹೇಳಿದರೆ "ಮಿಸ್‌ಬ್ರಾಂಡೆಡ್". ಮೊದಲನೆಯದು ಮಾತ್ರ ಕ್ರಿಮಿನಲ್ ಕೋರ್ಟಿಗೆ ಹೋಗುತ್ತದೆ, ಜೈಲು ಬರುವುದು ಅಲ್ಲಿ. ಉಳಿದೆರಡು ಅಪರ ಜಿಲ್ಲಾಧಿಕಾರಿಯ ಮುಂದೆ ಹೋಗುತ್ತವೆ. ಅಲ್ಲಿ ಜೈಲೇ ಇಲ್ಲ, ದಂಡ ಮಾತ್ರ. ಕಳಪೆಗೆ 5 ಲಕ್ಷದವರೆಗೆ, ಮಿಸ್‌ಬ್ರಾಂಡಿಂಗಿಗೆ 3 ಲಕ್ಷದವರೆಗೆ.

2024ರ ಮಾರ್ಚಿನ ಗೋಬಿ ಮಂಚೂರಿ ಸುದ್ದಿ ನೆನಪಿದೆ ಅಲ್ವಾ? ನಮ್ಮ ಸರ್ಕಾರ 171 ಗೋಬಿ ಮಾದರಿ ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಬಣ್ಣ ಇತ್ತು. ಬಾಂಬೆ ಮಿಠಾಯಿಯಲ್ಲಿ ರೊಡಮಿನ್ ಬಿ ಸಿಕ್ಕಿತು. ಅದು ಬಟ್ಟೆಗೆ ಹಾಕುವ ಬಣ್ಣ. ಅದೇ ಜೂನಿನಲ್ಲಿ ಕಬಾಬಿಗೂ ಕೃತಕ ಬಣ್ಣ ಬೇಡ ಅಂತ ಆದೇಶವಾಯಿತು. ಆ ಬಗೆಯದು ಅಸುರಕ್ಷಿತ. ನಿಮ್ಮ ಎಣ್ಣೆಯಲ್ಲಿ ಇರುವುದು ಪಾಮೊಲಿನ್ ಮಾತ್ರ ಆಗಿದ್ದರೆ ಅದು ಜೇಬಿಗೆ ಬಿದ್ದ ಹೊಡೆತ, ಹೊಟ್ಟೆಗೆ ಬಿದ್ದದ್ದಲ್ಲ. 2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿದ ಮೇಲೆ ಈ ಬಗೆಯ ಬಾಟಲಿ ಹೆಚ್ಚಾಗದಿದ್ದರೆ ಆಶ್ಚರ್ಯ. ಬೆಲೆ ಏರಿದಾಗೆಲ್ಲ ಹೀಗಾಗಿದೆ. 2018ರ ಡಿಸೆಂಬರಿನಲ್ಲಿ ಕೇರಳ ಒಂದೇ ಸಲಕ್ಕೆ 74 ಬ್ರಾಂಡ್ ತೆಂಗಿನೆಣ್ಣೆ ನಿಷೇಧಿಸಿತ್ತು. ನಿಷೇಧದಿಂದ ಎಲ್ಲ ಸರಿಹೋಗುತ್ತದೆ ಅಂತ ಹೇಳಲಾರೆ. ಒಂದಕ್ಷರ ಬದಲಾಯಿಸಿ ಹೊಸ ಹೆಸರಿನಲ್ಲಿ ಬರುವುದು ಕಷ್ಟವಲ್ಲ, ಕೇರಳದ ಗಡಿಯ ತಲಪಾಡಿ ದಾಟುವುದು ಅದಕ್ಕಿಂತ ಸುಲಭ.

ವಿಷ ಮತ್ತು ಮೋಸ, ಇವೆರಡನ್ನು ಜನ ಒಂದೇ ಮಾಡಿ ನೋಡುವುದರಿಂದ ನಮಗೆ ಆಗುತ್ತಿದ್ದ ಪಾಡು ಕೇಳಿ. ಪ್ರಯೋಗಾಲಯಕ್ಕೆ ಹೋಗುವಷ್ಟರಲ್ಲಿ ಹಾಲು ಒಡೆಯದಿರಲಿ ಅಂತ ಹಾಲಿನ ಮಾದರಿಗೆ 25 ಮಿಲಿಗೆ ಎರಡು ಹನಿಯ ಲೆಕ್ಕದಲ್ಲಿ ಫಾರ್ಮಲಿನ್ ಹಾಕುವ ನಿಯಮವಿದೆ. ಮೀನಿಗೆ ಹಾಕುತ್ತಾರೆ ಅಂತ ನಾವು ದಕ್ಕೆಯಲ್ಲಿ ಹುಡುಕುವುದೂ ಅದೇ ಫಾರ್ಮಲಿನ್ನನ್ನು. ಒಂದು ದಿನ ಬೆಳಿಗ್ಗೆ ಹಾಲಿನ ಮಾದರಿಗೆ ಹನಿ ಹಾಕುತ್ತಿದ್ದೆ. ನೋಡುತ್ತಿದ್ದವರೊಬ್ಬರು "ಇವರೇ ವಿಷ ಬೆರೆಸಿ ಕೇಸ್ ಹಾಕ್ತಾರೆ" ಅಂತ ಬೊಬ್ಬೆ ಹೊಡೆದರು. ಅರ್ಧ ಗಂಟೆ ವಿವರಿಸಿದೆ. ಅವರು ನಂಬಿದರು ಅಂತ ನನಗೆ ಈಗಲೂ ಅನಿಸುವುದಿಲ್ಲ.

ಸರಿ, ದೂರು ಕೊಟ್ಟಿರಿ ಅಂತ ಇಟ್ಟುಕೊಳ್ಳಿ. ಆಹಾರ ಸುರಕ್ಷತಾ ಅಧಿಕಾರಿ ಅಂಗಡಿಗೆ ಬರುತ್ತಾರೆ. ಅಂಗಡಿಯವರಿಗೆ ಬರಹದಲ್ಲಿ ನೋಟಿಸ್ ಕೊಡುತ್ತಾರೆ. ಅದೇ ಬ್ಯಾಚಿನ ಸೀಲಾದ ಬಾಟಲಿಗಳನ್ನು ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಾರೆ. ಹೌದು, ಕೊಳ್ಳುತ್ತಾರೆ, ಸುಮ್ನೆ ಎತ್ತಿಕೊಂಡು ಹೋಗುವಂತಿಲ್ಲ. ಮಾದರಿಯಲ್ಲಿ ನಾಲ್ಕು ಭಾಗ. ಒಂದು ಆಹಾರ ವಿಶ್ಲೇಷಕರಿಗೆ, ಎರಡು ಭಾಗ ಅಂಕಿತಾಧಿಕಾರಿಯ, ಅಂದರೆ ಜಿಲ್ಲೆಯ ಆಹಾರ ಸುರಕ್ಷತೆಯ ಮುಖ್ಯ ಅಧಿಕಾರಿಯ, ವಶಕ್ಕೆ. ಅಂಗಡಿಯವರು ಕೇಳಿದರೆ ನಾಲ್ಕನೆಯದು ಮಾನ್ಯತೆ ಪಡೆದ ಇನ್ನೊಂದು ಪ್ರಯೋಗಾಲಯಕ್ಕೆ. ಹಳೆಯ ಕಾಯ್ದೆಯಲ್ಲಿ ಮೂರೇ ಭಾಗ ಇತ್ತು. ವ್ಯಾಪಾರಿಗೂ ತನ್ನ ಕಡೆಯ ಪರೀಕ್ಷೆಗೆ ಅವಕಾಶ ಇರಲಿ ಅಂತ ನಾಲ್ಕಾಯಿತು, ಅದು ಒಳ್ಳೆಯದೇ. ನಿಮ್ಮ ತೆರೆದ ಬಾಟಲಿ ಯಾಕೆ ಸಾಲದು ಅಂತ ಈಗ ತಿಳಿಯಿತಲ್ಲ? ಅದಕ್ಕೆ ಮನೆಯಲ್ಲಿ ಏನು ಸೇರಿತು ಅಂತ ವಕೀಲರು ಕೇಳುವ ಮೊದಲ ಪ್ರಶ್ನೆಗೇ ಉತ್ತರ ಇರುವುದಿಲ್ಲ.

ವಿಶ್ಲೇಷಕರ ವರದಿಗೆ 14 ದಿನದ ಗಡುವು. ಫೇಲಾದರೆ ವ್ಯಾಪಾರಿ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಆಗ ಕಾದಿರಿಸಿದ ಭಾಗ ಮರುಪರೀಕ್ಷೆ ಮಾಡುವ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥದ್ದೊಂದು. ಅಲ್ಲಿಂದ ಬಂದ ಮೇಲೆ ಅಪರ ಜಿಲ್ಲಾಧಿಕಾರಿಯವರ ಮುಂದೆ ವಿಚಾರಣೆ. ಅವರಿಗೆ ಜಮೀನಿನ ತಕರಾರು, ಚುನಾವಣೆ, ನೆರೆ ಪರಿಹಾರ, ಎಲ್ಲದರ ನಡುವೆ ಇದು. ನಿಮ್ಮ ತಮ್ಮ ಕಾದ ಒಂದು ವರ್ಷ ಹೋದದ್ದು ಹೀಗೆ. ಇಷ್ಟು ತಡ ಆಗಬೇಕಿತ್ತಾ ಅಂದರೆ, ಬೇಡ. ಸಿಬ್ಬಂದಿ ಕಡಿಮೆ, ಪ್ರಯೋಗಾಲಯದಲ್ಲಿ ರಾಶಿ ಬಾಕಿ. ನಾನು ಅಲ್ಲೇ ಇದ್ದವನು, ನೆಪ ಹೇಳಿದರೆ ಚೆನ್ನಾಗಿರುವುದಿಲ್ಲ.

ಹತ್ತು ಸಾವಿರ ಯಾಕೆ? "5 ಲಕ್ಷದವರೆಗೆ" ಅನ್ನುವುದರಲ್ಲಿ ಆ "ವರೆಗೆ" ಮುಖ್ಯ. ಎಷ್ಟು ಲಾಭ ಮಾಡಿದರು, ಯಾರಿಗಾದರೂ ನಷ್ಟವಾಯಿತಾ, ಗೊತ್ತಿದ್ದೂ ಮಾಡಿದರಾ, ಮೊದಲೂ ಸಿಕ್ಕಿಬಿದ್ದಿದ್ದರಾ ಎಂದು ನೋಡಿಯೇ ದಂಡ ಹಾಕಬೇಕು ಅಂತ ಕಾಯ್ದೆಯಲ್ಲಿದೆ. ಮೆಣಸಿನ ಹುಡಿಯಲ್ಲಿ, ಸುಟ್ಟಾಗ ಉಳಿಯುವ ಬೂದಿಯ ಅಂಶ ಸ್ವಲ್ಪ ಜಾಸ್ತಿ ಬಂದು, ಮೊದಲ ಸಲದ ಸಣ್ಣ ವ್ಯಾಪಾರಿ ಆಗಿದ್ದರೆ ಹತ್ತು ಸಾವಿರ ನನಗೆ ಕಡಿಮೆ ಅನಿಸುವುದಿಲ್ಲ. ಅದೇ ದೊಡ್ಡ ಪ್ಯಾಕಿಂಗಿನವನಿಗೆ ಆದರೆ ಅದು ಒಂದು ದಿನದ ಚಹಾದ ಖರ್ಚು. ಅಂಥ ಆದೇಶಗಳನ್ನು ಓದುವಾಗ ನನಗೂ ಸಿಟ್ಟು ಬಂದದ್ದಿದೆ. ಆದರೆ ದಾಖಲೆ ಉಳಿಯುತ್ತದೆ. ಎರಡನೇ ಸಲ ಅದೇ ಹೆಸರು ಬಂದಾಗ "ಮೊದಲ ಸಲ ಸರ್" ಅನ್ನಲು ಆಗುವುದಿಲ್ಲ. ದಂಡ ಕಟ್ಟದಿದ್ದರೆ ಭೂ ಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು, ಲೈಸೆನ್ಸ್ ತಡೆಹಿಡಿಯಬಹುದು.

ಪತ್ರಿಕೆಯಲ್ಲಿ "ಇಷ್ಟು ಮಾದರಿ ಫೇಲ್" ಅಂತ ಬರುತ್ತದೆ, ಕೇಸು ಮಾತ್ರ ಕಾಣುವುದಿಲ್ಲ ಅಂತಲೂ ಜನ ಕೇಳುತ್ತಾರೆ. ಮಾದರಿಯಲ್ಲಿ ಎರಡು ಬಗೆ. ಒಂದು ಲೀಗಲ್ ಸ್ಯಾಂಪಲ್, ಮೇಲೆ ಹೇಳಿದ ನಾಲ್ಕು ಭಾಗದ ವಿಧಿಯದ್ದು. ಇನ್ನೊಂದು ಸರ್ವೆ ಸ್ಯಾಂಪಲ್, ಪರಿಸ್ಥಿತಿ ತಿಳಿಯಲು ತೆಗೆದದ್ದು. ಎರಡನೆಯದು ಫೇಲಾದರೂ ಅದರ ಮೇಲೆ ಕೇಸು ಹಾಕಲಾಗುವುದಿಲ್ಲ. ಮತ್ತೆ ಹೋಗಿ ಲೀಗಲ್ ತೆಗೆಯಬೇಕು. ಅಷ್ಟರಲ್ಲಿ ಸರಕು ಮಾಯ! ಅದಕ್ಕೇ ನಿಮ್ಮ ದೂರಿನಲ್ಲಿ ಬ್ಯಾಚ್ ನಂಬರ್, ತಯಾರಿಕೆಯ ದಿನಾಂಕ ಬರೆದು, "ಇದೇ ಬ್ಯಾಚಿನ ಬಾಟಲಿಗಳು ಅಂಗಡಿಯಲ್ಲಿವೆ, ಲೀಗಲ್ ಮಾದರಿ ತೆಗೆಯಿರಿ" ಅಂತ ಸ್ಪಷ್ಟವಾಗಿ ಕೇಳಿ. ಈ ಒಂದು ಸಾಲು ಬಹಳ ಕೆಲಸ ಮಾಡುತ್ತದೆ.

ಈಗ ನಿಮ್ಮ ಅಂಗಡಿಯವರು. ಅವರು ಜೈಲಿಗೆ ಹೋಗುವ ಸಂದರ್ಭ ನನಗೆ ಇಲ್ಲಿ ಕಾಣುವುದಿಲ್ಲ. ಆದರೆ ಅವರು ಪೂರ್ತಿ ಪಾರು ಅಂತಲೂ ಅಲ್ಲ. ಮಾರಿದವನೂ ಹೊಣೆಗಾರನೇ. ಅವರನ್ನು ಕಾಯುವುದು ಒಂದೇ, ಡಿಸ್ಟ್ರಿಬ್ಯೂಟರ್ ಕೊಟ್ಟ ಬಿಲ್. ಲೈಸೆನ್ಸ್ ಇರುವವನಿಂದ, ಗ್ಯಾರಂಟಿ ಇರುವ ಬಿಲ್ ಸಮೇತ, ಸೀಲಾದ ಸರಕು ತಂದು, ಬಂದ ಹಾಗೆಯೇ ಮಾರಿದೆ ಅಂತ ತೋರಿಸಿದರೆ ಕೇಸು ಮೇಲಕ್ಕೆ, ತಯಾರಿಸಿದವನ ಕಡೆಗೆ ಹತ್ತುತ್ತದೆ. ಬಿಲ್ ಇಲ್ಲದೆ ಕಡಿಮೆ ಬೆಲೆಗೆ ಓಮ್ನಿಯಲ್ಲಿ ಬಂದವನಿಂದ ತೆಗೆದುಕೊಂಡಿದ್ದರೆ ಕೇಸು ಅವರ ಗಲ್ಲೆಯ ಮುಂದೆಯೇ ಕೂತುಬಿಡುತ್ತದೆ. ನಮ್ಮ ಕಡೆಯ ಸಣ್ಣ ಅಂಗಡಿಗಳಲ್ಲಿ ನಾನು ಜಾಸ್ತಿ ಕಂಡದ್ದು ಈ ಎರಡನೆಯದನ್ನು. ಮೋಸದ ಮನಸ್ಸಿನವರಲ್ಲ. ಇನ್ನೂರು ರೂಪಾಯಿ ಉಳಿಯುತ್ತದಲ್ಲ ಅಂತ ಬಿಲ್ ಬಿಟ್ಟವರು.

ಹಾಗಾಗಿ ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಅಂಗಡಿಗೆ ಹೋಗಿ ಇನ್ನೊಂದು ಸೀಲಾದ ಬಾಟಲಿ ಕೊಳ್ಳುತ್ತಿದ್ದೆ. ಈ ಸಲ ಬಿಲ್ ಬೇಕು ಅಂತ ಕೇಳಿ ಪಡೆಯುತ್ತಿದ್ದೆ. 2022ರ ಜನವರಿಯಿಂದ ಬಿಲ್ ಮೇಲೆ ಅಂಗಡಿಯ ಎಫ್ಎಸ್ಎಸ್ಎಐ ಸಂಖ್ಯೆಯೂ ಇರಬೇಕು. ಬಾಟಲಿಯ ಎಲ್ಲ ಬದಿಯ ಫೋಟೋ ತೆಗೆದಿಡಿ. ಸೀಲ್ ಒಡೆಯಬೇಡಿ. ಆಮೇಲೆ ಅಂಗಡಿಯವರ ಹತ್ತಿರ ಸ್ನೇಹದಲ್ಲೇ ಮಾತಾಡಿ "ನಿಮಗೆ ತಂದುಕೊಟ್ಟವರ ಬಿಲ್ ಇದೆಯಾ, ಜೋಪಾನ ಮಾಡಿ" ಅನ್ನಬಹುದು. ಇದರಲ್ಲಿ ಒಂದು ಅಪಾಯ ಇದೆ. ಸೂಕ್ಷ್ಮ ಗೊತ್ತಾಗಿ ಅವರು ಸಂಜೆಯೊಳಗೆ ಸರಕು ವಾಪಸ್ ಕಳಿಸಿದರೆ ನಿಮ್ಮ ಊರಿನ ಮಟ್ಟಿಗೆ ಸಮಸ್ಯೆ ಮುಗಿಯಿತು, ಆ ಬಾಟಲಿಗಳು ಬ್ರಹ್ಮಾವರಕ್ಕೋ ಕಾರ್ಕಳಕ್ಕೋ ಹೋಗಿ ಕೂರುತ್ತವೆ. ಯಾವುದು ಮೊದಲು, ಮಾತೋ ದೂರೋ, ನೀವೇ ನಿರ್ಧರಿಸಿ. ನಾನಾದರೆ ದೂರು ಕೊಟ್ಟು, ಮಾದರಿ ತೆಗೆದ ಮೇಲೆ ಹೋಗಿ ಮಾತಾಡುತ್ತಿದ್ದೆ.

ದೂರನ್ನು ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಎಫ್ಎಸ್ಎಸ್ಎಐಯ ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲೂ ಕೊಡಬಹುದು, 1800112100ಕ್ಕೆ ಫೋನೂ ಮಾಡಬಹುದು. ನಿಮ್ಮ ಹೆಸರು ಹೊರಗೆ ಬರುತ್ತದಾ? ನಾವು ಹೇಳುತ್ತಿರಲಿಲ್ಲ. ಆದರೆ ಕಳೆದ ವಾರ ಯಾರು ಎಣ್ಣೆ ಸರಿ ಇಲ್ಲ ಅಂದರು ಅಂತ ಲೆಕ್ಕ ಹಾಕಲು ಅಂಗಡಿಯವರಿಗೆ ಕಷ್ಟ ಇಲ್ಲ. ಸಣ್ಣ ಊರು, ಇದನ್ನು ಮುಚ್ಚಿಟ್ಟು ಹೇಳಿ ಪ್ರಯೋಜನ ಇಲ್ಲ.

ನೀವೇ ಪರೀಕ್ಷೆ ಮಾಡಿಸುವ ದಾರಿಯೂ ಇದೆ. ಕಾಯ್ದೆಯ 40ನೇ ಕಲಂ ಪ್ರಕಾರ ಕೊಂಡವರು ಯಾರೇ ಆದರೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಫೇಲಾದರೆ ಶುಲ್ಕ ವಾಪಸ್. ಕೇಳಲು ಚಂದ. ಆದರೆ ಕೊಳ್ಳುವಾಗಲೇ "ಇದನ್ನು ಪರೀಕ್ಷೆಗೆ ಕಳಿಸುತ್ತೇನೆ" ಅಂತ ಅಂಗಡಿಯವರಿಗೆ ಹೇಳಿರಬೇಕು. ನನ್ನ ಇಡೀ ಸರ್ವೀಸಿನಲ್ಲಿ ಇದನ್ನು ಬಳಸಿದವರು ಕೈಬೆರಳಷ್ಟೂ ಇಲ್ಲ. ಖಾಸಗಿ ಪ್ರಯೋಗಾಲಯದಲ್ಲಿ ಮಾಡಿಸಿದರೆ ನಿಮ್ಮ ಸಮಾಧಾನಕ್ಕೆ ಸರಿ, ಇಲಾಖೆ ಅದರ ಮೇಲೆ ಕೇಸು ಹಾಕುವುದಿಲ್ಲ.

ನಿಮ್ಮ ದುಡ್ಡು ವಾಪಸ್ ಬೇಕಾದರೆ ಅದು ಇಲಾಖೆಯ ಕೆಲಸವಲ್ಲ, ಜಿಲ್ಲಾ ಗ್ರಾಹಕರ ಆಯೋಗದ್ದು. 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬಹುದು, ಬೇಕಾದರೆ ಆಯೋಗವೇ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತದೆ. ಮೊದಲ ಬಾಟಲಿಗೆ ಬಿಲ್ ಇಲ್ಲದ್ದು ಇಲ್ಲಿ ಕಾಡುತ್ತದೆ. ಒಂದು ಬಾಟಲಿ ಎಣ್ಣೆಗೆ ನಾನಾದರೆ ಆಯೋಗದವರೆಗೆ ಹೋಗುವುದಿಲ್ಲ, 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿ ಬಿಡುತ್ತೇನೆ. ಅಂದ ಹಾಗೆ, ಬಾಟಲಿಯಲ್ಲಿ ಎಣ್ಣೆ ಅಳತೆಗಿಂತ ಕಡಿಮೆ ಇದ್ದರೆ ಅದು ಆಹಾರ ಸುರಕ್ಷತೆಯವರದ್ದೂ ಅಲ್ಲ, ಕಾನೂನು ಮಾಪನ ಇಲಾಖೆಯದ್ದು. ತಪ್ಪು ಮೇಜಿಗೆ ಹೋದ ದೂರು ಅಲ್ಲೇ ಮಲಗಿಬಿಡುತ್ತದೆ.

ಒಂದನ್ನು ಮಾತ್ರ ಮಾಡಬೇಡಿ. ಫ್ರಿಜ್ಜಿನ ಬಾಟಲಿಯ ವಿಡಿಯೋ ಮಾಡಿ, ಅಂಗಡಿಯ ಹೆಸರು ಹಾಕಿ ಊರಿನ ಗ್ರೂಪಿಗೆ ಬಿಡಬೇಡಿ. ವರದಿ ಬರುವ ಮೊದಲು ಹಾಗೆ ಮಾಡಿದ ಒಬ್ಬರ ಮೇಲೆ ವ್ಯಾಪಾರಿಯೇ ಮಾನನಷ್ಟದ ನೋಟಿಸ್ ಕಳಿಸಿದ್ದರು. ಆ ಪದಾರ್ಥ ಪರೀಕ್ಷೆಯಲ್ಲಿ ಪಾಸಾಯಿತು.

ಕೊನೆಯ ಪ್ರಶ್ನೆ, ಉಳಿದ ಎಣ್ಣೆ. ಪಾಮೊಲಿನ್ ಮಾತ್ರ ಇದ್ದರೆ ತಿಂದವರಿಗೆ ಏನೂ ಆಗಿರುವುದಿಲ್ಲ, ಗಾಬರಿ ಬೇಡ. ಆದರೆ ಅದರಲ್ಲಿ ಇನ್ನೇನಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಡುಗೆಗೆ ಬೇಡ. ಎಸೆಯಲೂ ಬೇಡ. ಬಿಗಿಯಾಗಿ ಮುಚ್ಚಿ, ಲೇಬಲ್ ಹರಿಯದ ಹಾಗೆ ಕತ್ತಲಲ್ಲಿ ಇಡಿ. ಅಧಿಕಾರಿ ಬಂದಾಗ ಲೇಬಲ್ ತೋರಿಸಲು ಬೇಕಾಗುತ್ತದೆ. ಮಾದರಿ ತೆಗೆದು ಕೆಲಸ ಮುಗಿದ ಮೇಲೆ ದೇವರ ಮುಂದಿನ ದೀಪಕ್ಕೆ ಹಾಕಬಹುದು. ಕಾಯಿಸಿ ಗೋಳಿಬಜೆ ಮಾತ್ರ ಕರಿಯಬೇಡಿ.